ಗ್ಯಾಟಕಾ: ಲ್ಯಾಬಿನ ಕಥೆಯಲ್ಲ, ಗೇಟಿನ ಕಥೆ

1997ರ ‘ಗ್ಯಾಟಕಾ’ ಸಿನಿಮಾದ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಕಡೆ ಹೋಗಿ ನಿಲ್ಲುತ್ತದೆ. ಬೇಕಾದ ಗುಣಗಳ ಮಗುವನ್ನು ಆರಿಸಿಕೊಳ್ಳುವ ಕಾಲ ಬಂದೇಬಿಟ್ಟಿತೇ, ಇನ್ನೆಷ್ಟು ವರ್ಷ ಬೇಕು, ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಕೈಗೆ ಸಿಕ್ಕ ಮೇಲೆ ತಡೆಯುವವರು ಯಾರು. ಆಂಡ್ರ್ಯೂ ನಿಕಲ್ ಬರೆದು ನಿರ್ದೇಶಿಸಿದ ಈ ಚೊಚ್ಚಲ ಸಿನಿಮಾವನ್ನು ಜೀವವಿಜ್ಞಾನದ ಭವಿಷ್ಯವಾಣಿ ಎಂದು ಓದುವುದೇ ರೂಢಿಯಾಗಿದೆ. ಸಹಜವಾಗಿ ಹುಟ್ಟಿ, ಜೀನಿನ ಕಾರಣಕ್ಕೇ ಅನರ್ಹನಾದ ವಿನ್ಸೆಂಟ್, ಒಳ್ಳೆಯ ಜೀನುಗಳ ಜೆರೋಮ್ ಎಂಬವನ ಗುರುತು ಹೊತ್ತು ಗ್ಯಾಟಕಾ ಎಂಬ ಬಾಹ್ಯಾಕಾಶ ಸಂಸ್ಥೆಗೆ ಸೇರುವುದು ಅದರ ಕಥೆ. ಆದರೆ ನಾಯಕ ವಿನ್ಸೆಂಟ್ ಹಿನ್ನೆಲೆ ದನಿಯಲ್ಲಿ ಹೇಳಿ ಮುಂದೆ ಹೋಗಿಬಿಡುವ ಒಂದು ಸಂಗತಿ ಅದರಲ್ಲಿದೆ, ನನ್ನನ್ನು ಬಿಡದೆ ಕಾಡುವುದು ಅದೇ. ಆ ಲೋಕದಲ್ಲಿ ಜೀನ್ ನೋಡಿ ಮನುಷ್ಯರಲ್ಲಿ ಭೇದ ಮಾಡುವುದು ಕಾನೂನುಬಾಹಿರ. ಕಾನೂನು ಜಾರಿಯಲ್ಲಿದೆ, ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ಅಷ್ಟೆ. ಅರ್ಜಿದಾರ ತನ್ನ ಜೀನ್ ವಿವರ ಕೊಡಲು ಒಪ್ಪದಿದ್ದರೆ ಬಾಗಿಲ ಹಿಡಿಕೆಯಿಂದಲೋ, ಕೈಕುಲುಕಿದ ಅಂಗೈಯಿಂದಲೋ, ಅರ್ಜಿಯ ಲಕೋಟೆಗೆ ಹಚ್ಚಿದ ಎಂಜಲಿನಿಂದಲೋ ತೆಗೆದುಕೊಳ್ಳುತ್ತಾರೆ. ಅದೂ ಬೇಡವೆಂದರೆ ಮಾದಕವಸ್ತು ಪರೀಕ್ಷೆಯ ಹೆಸರಲ್ಲಿ ಮೂತ್ರ ಕೇಳಿದರಾಯಿತು. ಆ ಪರೀಕ್ಷೆ ಕಾನೂನುಬದ್ಧ.

ಸಂದರ್ಶನದ ದೃಶ್ಯ ನೋಡಿದವರಿಗೆ ನೆನಪಿರುತ್ತದೆ. ಬೇರೊಬ್ಬನ, ಅಂದರೆ ಜೆರೋಮ್‌ನ ಮೂತ್ರವನ್ನು ತೊಡೆಗೆ ಕಟ್ಟಿಕೊಂಡ ಚೀಲದಿಂದ ಬಟ್ಟಲಿಗೆ ತುಂಬಿ ಕೊಡುತ್ತಾನೆ ವಿನ್ಸೆಂಟ್. ಯಂತ್ರ ಹಸಿರು ತೋರಿಸುತ್ತದೆ. ಡಾಕ್ಟರು ಅಭಿನಂದಿಸುತ್ತಾರೆ. ಸಂದರ್ಶನ ಯಾವಾಗ ಎಂದು ವಿನ್ಸೆಂಟ್ ಕೇಳಿದರೆ, ಮುಗಿಯಿತಲ್ಲ ಎಂಬರ್ಥದ ಉತ್ತರ. ಓದು, ಅನುಭವ, ಗಣಿತದ ಪ್ರಶ್ನೆ ಯಾವುದೂ ಇಲ್ಲ. ಆ ಹೊತ್ತಿಗೆ ಅವನು ಖಗೋಳ ಸಂಚಾರದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿರುತ್ತಾನೆ ಎಂಬುದು ನಮಗೆ ಗೊತ್ತು, ಸಂಸ್ಥೆಗೆ ಅದನ್ನು ತಿಳಿದುಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಸಿನಿಮಾದ ಲ್ಯಾಬಿನ ಭಾಗವನ್ನು ಇವತ್ತಿನ ತಿಳಿವಳಿಕೆ ಇಟ್ಟುಕೊಂಡು ನೋಡಿದರೆ ಹಲವು ಕಡೆ ನಿಲ್ಲುವುದಿಲ್ಲ. ಗೇಟಿನ ಭಾಗ, ಅಂದರೆ ಯಾರನ್ನು ಒಳಗೆ ಬಿಡಬೇಕು ಎಂದು ಒಂದು ಸಂಸ್ಥೆ ನಿರ್ಧರಿಸುವ ರೀತಿ, ಬಹುತೇಕ ಎಲ್ಲ ಕಡೆ ನಿಲ್ಲುತ್ತದೆ. ತಂತ್ರಜ್ಞಾನ ಪೂರ್ತಿ ಪಕ್ವವಾಗುವವರೆಗೆ ತಾರತಮ್ಯ ಕಾಯುವುದಿಲ್ಲ. ಅರೆಬೆಂದ ಪರೀಕ್ಷೆ, ಅದನ್ನು ನಂಬುವ ಒಬ್ಬ ಅಧಿಕಾರಿ, ತೂತುಗಳಿರುವ ಒಂದು ಕಾನೂನು ಇಷ್ಟಿದ್ದರೆ ಅದಕ್ಕೆ ಸಾಕು.

ಸಿನಿಮಾಕ್ಕಿಂತ ಮೊದಲೇ ನಡೆದದ್ದು

1970ರ ದಶಕದ ಅಮೆರಿಕದಲ್ಲಿ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆಯಾದ ಸಿಕಲ್ ಸೆಲ್‌ನ ತಪಾಸಣೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1972ರಲ್ಲಿ ಅದಕ್ಕಾಗಿಯೇ ಒಂದು ರಾಷ್ಟ್ರೀಯ ಕಾಯ್ದೆ ಬಂತು. ಈ ಕಾಯಿಲೆ ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಪ್ರತಿ ದೋಷವುಳ್ಳವಾಗಿರಬೇಕು. ಒಂದೇ ಪ್ರತಿ ಇದ್ದವರು ವಾಹಕರು, ಸಾಮಾನ್ಯ ಬದುಕಿನಲ್ಲಿ ಆರೋಗ್ಯವಂತರು. ಆಫ್ರಿಕನ್ ಅಮೆರಿಕನ್ನರಲ್ಲಿ ಸುಮಾರು 12–13 ಮಂದಿಗೆ ಒಬ್ಬರು ಹೀಗೆ ವಾಹಕರು. ವಾಹಕ ಮತ್ತು ರೋಗಿ ಎಂಬ ಈ ವ್ಯತ್ಯಾಸ ಆಗಲೂ ಪಠ್ಯಪುಸ್ತಕದಲ್ಲಿತ್ತು, ಗೇಟಿನಲ್ಲಿ ಮಾತ್ರ ಉಳಿಯಲಿಲ್ಲ. ವಾಹಕರಿಗೆ ವಿಮೆಯ ಕಂತು ಏರಿತು, ಕೆಲವು ಉದ್ಯೋಗಗಳ ಬಾಗಿಲು ಮುಚ್ಚಿತು. ಅಮೆರಿಕದ ವಾಯುಪಡೆ ಅಕಾಡೆಮಿ ವಾಹಕರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಆ ನಿಷೇಧ ಹೋದದ್ದು 1981ರಲ್ಲಿ, ಅದೂ ಮೊಕದ್ದಮೆಯ ನಂತರ. ಹಾರುವ ಕನಸಿದ್ದ ಆರೋಗ್ಯವಂತ ಹುಡುಗನನ್ನು ರಕ್ತದ ಒಂದು ಹನಿ ನೋಡಿ ಹೊರಗಿಡುವುದು ‘ಗ್ಯಾಟಕಾ’ದ ಕಥಾಹಂದರವೇ. ಜೀನೋಮ್ ಓದುವ ಯಂತ್ರ ಹುಟ್ಟುವ ಮೊದಲೇ ಅದು ನಡೆದುಹೋಗಿತ್ತು.

ಸಿನಿಮಾ ಬಂದು ನಾಲ್ಕು ವರ್ಷಕ್ಕೆ ಇನ್ನೊಂದು ಪ್ರಕರಣ. ಬರ್ಲಿಂಗ್ಟನ್ ನಾರ್ದರ್ನ್ ಸಾಂಟಾ ಫೆ ಎಂಬ ಅಮೆರಿಕದ ರೈಲ್ವೆ ಕಂಪನಿಯಲ್ಲಿ, ಕೆಲಸದಿಂದಾಗಿ ಮಣಿಕಟ್ಟಿನ ನರ ಒತ್ತಿ ನೋವಾಗಿದೆ ಎಂದು ಪರಿಹಾರ ಕೇಳಿದ ನೌಕರರ ರಕ್ತವನ್ನು ಅವರಿಗೆ ತಿಳಿಸದೆ ಜೀನ್ ಪರೀಕ್ಷೆಗೆ ಕಳಿಸಲಾಗಿತ್ತು. ಹುಡುಕಿದ್ದು 17ನೇ ವರ್ಣತಂತುವಿನ ಒಂದು ಅಪರೂಪದ ಅಳಿವು. ಅದು ಇದ್ದವರಿಗೆ ಒತ್ತಡ ಬಿದ್ದ ನರಗಳು ಬೇಗ ಸೋಲುತ್ತವೆ. ಅದು ಸಿಕ್ಕಿದರೆ ನೋವಿಗೆ ಕಾರಣ ಕೆಲಸವಲ್ಲ, ನಿನ್ನ ಹುಟ್ಟು ಎನ್ನಬಹುದಲ್ಲ. ಸಮಾನ ಉದ್ಯೋಗ ಅವಕಾಶ ಆಯೋಗ 2001ರಲ್ಲಿ ಕೋರ್ಟಿಗೆ ಹೋಯಿತು, 2002ರಲ್ಲಿ 22 ಲಕ್ಷ ಡಾಲರಿಗೆ ರಾಜಿಯಾಯಿತು. ಆಗಿನ್ನೂ ಜೀನ್ ತಾರತಮ್ಯಕ್ಕೆಂದೇ ಒಂದು ಕೇಂದ್ರ ಕಾನೂನು ಅಲ್ಲಿರಲಿಲ್ಲ, ಅಂಗವೈಕಲ್ಯ ಕಾಯ್ದೆಯನ್ನು ಹಿಡಿದು ವಾದಿಸಬೇಕಾಯಿತು.

ಆ ಕಾನೂನು 2008ರ ಮೇ ತಿಂಗಳಲ್ಲಿ ಬಂತು, ಜೀನಾ ಎಂದು ಕರೆಯುತ್ತಾರೆ. ಆರೋಗ್ಯ ವಿಮೆಯಲ್ಲಿ ಮತ್ತು ಉದ್ಯೋಗದಲ್ಲಿ ಜೀನ್ ಮಾಹಿತಿ ಕೇಳುವಂತಿಲ್ಲ, ಬಳಸುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಅದು ತಲುಪದ ಜಾಗಗಳನ್ನೂ ನೋಡಬೇಕು. 15ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ ಅನ್ವಯಿಸುವುದಿಲ್ಲ. ಜೀವವಿಮೆ, ಅಂಗವೈಕಲ್ಯ ವಿಮೆ, ಮುಪ್ಪಿನಲ್ಲಿ ದೀರ್ಘಕಾಲದ ಆರೈಕೆಗೆ ಮಾಡಿಸುವ ವಿಮೆ ಈ ಮೂರೂ ಅದರ ಹೊರಗೆ. ಮಿದುಳನ್ನು ಮೆಲ್ಲನೆ ಹಾಳುಮಾಡುವ ಹಂಟಿಂಗ್ಟನ್ ಕಾಯಿಲೆಯ ಮನೆತನದವರಿಗೆ ಅತಿ ಮುಖ್ಯವಾಗಿ ಬೇಕಾದವು ಸರಿಯಾಗಿ ಈ ಮೂರೇ. ಹಾಗಾಗಿ ಪರೀಕ್ಷೆ ಮಾಡಿಸಿಕೊಳ್ಳುವ ಮೊದಲು ವಿಮೆ ಮಾಡಿಸಿಕೊಂಡುಬಿಡಿ ಎಂದು ಆಪ್ತಸಲಹೆಗಾರರು ಅಲ್ಲಿ ಹೇಳುವುದುಂಟು. ಔಷಧಿಗಿಂತ ಮೊದಲು ಪಾಲಿಸಿಯನ್ನು ಯೋಚಿಸಬೇಕಾದ ಈ ಸ್ಥಿತಿ ನಿಕಲ್ ಬರೆದ ಲೋಕಕ್ಕೆ ತೀರ ಹತ್ತಿರದ್ದು.

30.2 ವರ್ಷ

ವಿನ್ಸೆಂಟ್ ಹುಟ್ಟಿದ ಕೆಲವೇ ಕ್ಷಣಗಳಲ್ಲಿ ನರ್ಸ್ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾಳೆ. ಅಂಕಿಗಳು ಬರುತ್ತವೆ. ನರದ ಕಾಯಿಲೆ 60%, ಉನ್ಮಾದ-ಖಿನ್ನತೆ 42%, ಗಮನ ಕೊರತೆ 89%, ಹೃದ್ರೋಗ 99%. ಆಯಸ್ಸು 30.2 ವರ್ಷ. ಈ ದೃಶ್ಯವನ್ನು ಮತ್ತೆ ಮತ್ತೆ ನೋಡಿದರೆ ಎದ್ದು ಕಾಣುವುದು ಆ ದಶಮಾಂಶ. ಮೂವತ್ತರ ಆಸುಪಾಸು ಎಂದಿದ್ದರೆ ತಂದೆತಾಯಿ ಪ್ರಶ್ನೆ ಕೇಳುತ್ತಿದ್ದರೇನೋ. 30.2 ಅಂದಾಗ ಯಾರೂ ಕೇಳುವುದಿಲ್ಲ. ಅಪ್ಪನಂತೂ ತನ್ನ ಹೆಸರಿಡಬೇಕೆಂದಿದ್ದ ಮಗುವಿಗೆ ಅಲ್ಲೇ ಬೇರೆ ಹೆಸರು ಕೊಟ್ಟುಬಿಡುತ್ತಾನೆ.

ವಾಸ್ತವದಲ್ಲಿ ಇಂಥ ಅಂಕಿ ಎಲ್ಲಿಂದ ಬರಬಹುದು? ಎರಡು ಬೇರೆ ದಾರಿಗಳಿವೆ, ಇವೆರಡನ್ನು ಕಲಸಿಬಿಡುವುದರಿಂದಲೇ ಅರ್ಧ ಗೊಂದಲ. ಒಂದನೆಯದು ಒಂದೇ ಜೀನಿನ ಕಾಯಿಲೆಗಳು. ಹಂಟಿಂಗ್ಟನ್‌ನಲ್ಲಿ ಸಿಎಜಿ ಎಂಬ ಮೂರಕ್ಷರದ ತುಣುಕು 40 ಅಥವಾ ಹೆಚ್ಚು ಸಲ ಮರುಕಳಿಸಿದ್ದರೆ, ಸಾಮಾನ್ಯ ಆಯಸ್ಸು ಬದುಕಿದವರಿಗೆ ಕಾಯಿಲೆ ಬಂದೇ ಬರುತ್ತದೆ. 36ರಿಂದ 39ರವರೆಗಿದ್ದರೆ ಬರಬಹುದು, ಬರದೇ ಇರಬಹುದು. ಇಲ್ಲಿ 99% ಎಂಬ ಮಾತಿಗೆ ಅರ್ಥವಿದೆ. ಬಿಆರ್‌ಸಿಎ1 ಜೀನಿನ ಹಾನಿಕಾರಕ ಬದಲಾವಣೆ ಇರುವ ಮಹಿಳೆಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು 70%. ಇದು ದೊಡ್ಡ ಅಂಕಿ, ಆದರೂ ನೂರರಲ್ಲಿ ಮೂವತ್ತು ಮಂದಿಗೆ ಬರುವುದಿಲ್ಲ.

ಎರಡನೆಯದು ಸಾವಿರಾರು ಸಣ್ಣ ಸಣ್ಣ ವ್ಯತ್ಯಾಸಗಳನ್ನು ಕೂಡಿಸಿ ತೆಗೆಯುವ ಅಂಕ, ಪಾಲಿಜೆನಿಕ್ ಸ್ಕೋರ್. ಎತ್ತರ, ಮಧುಮೇಹ, ಖಿನ್ನತೆ, ಗಮನ ಕೊರತೆ ಎಲ್ಲ ಈ ಬಗೆಯವು. ಎತ್ತರದ ಮೇಲೆ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 54 ಲಕ್ಷ ಜನರ ಮಾಹಿತಿ ಇತ್ತು. ಸುಮಾರು 12,000 ವ್ಯತ್ಯಾಸಗಳು ಸಿಕ್ಕವು. ಯುರೋಪ್ ಮೂಲದವರಲ್ಲಿ ಎತ್ತರದ ಏರುಪೇರಿನ ನೂರಕ್ಕೆ ಸುಮಾರು 40 ಭಾಗವನ್ನು ಅವು ವಿವರಿಸುತ್ತವೆ. ಉಳಿದ ಜನಸಮುದಾಯಗಳಲ್ಲಿ ಅದರ ಅರ್ಧವೂ ಮುಟ್ಟುವುದು ಕಷ್ಟ. ಕಾರಣ ಸರಳ. ಅಧ್ಯಯನಕ್ಕೆ ರಕ್ತ ಕೊಟ್ಟವರಲ್ಲಿ ಬಹುಪಾಲು ಯುರೋಪ್ ಮೂಲದವರು. ಅಧ್ಯಯನ ಗುರುತಿಸುವುದು ಹೆಚ್ಚಾಗಿ ಕಾರಣವಾದ ಬದಲಾವಣೆಯನ್ನಲ್ಲ, ಅದರ ಜೊತೆಜೊತೆಗೆ ಸಾಗಿಬಂದ ಪಕ್ಕದ ಗುರುತನ್ನು. ಯಾವುದು ಯಾವುದರ ಜೊತೆ ಸಾಗುತ್ತದೆ ಎಂಬುದು ಜನಸಮುದಾಯದಿಂದ ಜನಸಮುದಾಯಕ್ಕೆ ಬೇರೆ. ಎತ್ತರದಷ್ಟು ಸುಲಭವಾಗಿ ಅಳೆಯಬಹುದಾದ ಗುಣದಲ್ಲೇ ಇಷ್ಟು. ಗಮನ ಕೊರತೆಗೆ 89% ಎಂದು ಹೇಳುವ ಪರೀಕ್ಷೆ ಇಲ್ಲ. ಈಗಿರುವ ವಿಧಾನದಲ್ಲಿ ಅದು ಬರುವ ದಾರಿಯೂ ಕಾಣುವುದಿಲ್ಲ.

ಹೃದಯದ ವಿಷಯಕ್ಕೆ ಬಂದರೆ ಭಾರತದವರು ಗಮನ ಕೊಡಬೇಕಾದ ಒಂದು ನಿಜವಾದ ಉದಾಹರಣೆ ಇದೆ. ಹೃದಯದ ಸ್ನಾಯುವಿನ ಒಂದು ಪ್ರೋಟೀನಿಗೆ ಸೂತ್ರ ಕೊಡುವ ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ರೂಪ ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಕಾಣುತ್ತದೆ. ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿದ್ದ ತಂಡ 2009ರಲ್ಲಿ ಇದನ್ನು ಪ್ರಕಟಿಸಿತು. ಹೃದಯದ ಸ್ನಾಯು ದುರ್ಬಲವಾಗುವ ಅಪಾಯವನ್ನು ಇದು ಹಲವು ಪಟ್ಟು ಹೆಚ್ಚಿಸುತ್ತದೆ ಎಂದು ಆ ಅಧ್ಯಯನ ಹೇಳಿತು. ನಂತರದ ಅಧ್ಯಯನಗಳು, ಇದನ್ನು ಹೊತ್ತವರೆಲ್ಲರ ಅಪಾಯ ಒಂದೇ ಅಲ್ಲ, ಅದೇ ಜೀನಿನ ಇನ್ನೊಂದು ಬದಲಾವಣೆಯೂ ಜೊತೆಗಿರುವ ಒಂದು ಚಿಕ್ಕ ಗುಂಪಿಗೆ ಹೆಚ್ಚು ತೂಕ ಕೊಡಬೇಕು ಎಂಬ ಕಡೆ ಬೊಟ್ಟು ಮಾಡಿದವು. ಕೋಟ್ಯಂತರ ಜನ ಇದನ್ನು ಹೊತ್ತು, ಯಾವ ತೊಂದರೆಯೂ ಇಲ್ಲದೆ ಮುಪ್ಪು ಕಾಣುತ್ತಾರೆ. 2009ರ ಪ್ರಬಂಧವನ್ನು ಮಾತ್ರ ಓದಿದ ವಿಮಾ ಕಂಪನಿಯೊಂದು ಆ ವರ್ಷವೇ ಒಂದು ಕಾಲಂ ಸೇರಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ವಿಜ್ಞಾನ ತನ್ನನ್ನು ತಿದ್ದಿಕೊಳ್ಳುತ್ತದೆ, ಅದು ಅದರ ಗುಣ. ಅರ್ಜಿ ನಮೂನೆಗಳು ಅಷ್ಟು ಬೇಗ ತಿದ್ದಿಕೊಳ್ಳುವುದಿಲ್ಲ.

ಇದು ಬರೀ ಊಹೆಯ ಮಾತಲ್ಲ. 2018ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟ ಪ್ರಕರಣ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಯದ್ದೇ. ವಿಮಾದಾರರು ವರ್ಷಗಳಿಂದ ಕಂತು ಕಟ್ಟಿಕೊಂಡು ಬಂದಿದ್ದರು. ಪಾಲಿಸಿಯ ಹೊರಗಿಟ್ಟ ಸಂಗತಿಗಳ ಪಟ್ಟಿಯಲ್ಲಿ ‘ಜೆನೆಟಿಕ್ ಡಿಸಾರ್ಡರ್’ ಎಂಬ ಎರಡು ಪದಗಳಿದ್ದವು, ಕ್ಲೇಮು ತಿರಸ್ಕೃತವಾಯಿತು. ಅಷ್ಟು ಅಗಲವಾದ ಎರಡು ಪದಗಳೊಳಗೆ ಏನನ್ನು ಬೇಕಾದರೂ ತುಂಬಬಹುದು, ಏಕೆಂದರೆ ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಜೀನಿನ ಪಾಲಿದೆ. ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಇಂಥ ತಾರತಮ್ಯ ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದರು. ಮರುತಿಂಗಳೇ ವಿಮಾ ನಿಯಂತ್ರಣ ಪ್ರಾಧಿಕಾರ, ಈ ಷರತ್ತು ತೋರಿಸಿ ಕ್ಲೇಮು ನಿರಾಕರಿಸಬೇಡಿ ಎಂದು ಕಂಪನಿಗಳಿಗೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಸಿನಿಮಾದಲ್ಲಿ ಪುಟ್ಟ ವಿನ್ಸೆಂಟನ ಶಿಶುವಿಹಾರದ ಬಾಗಿಲು ಮುಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಅವನು ಬಿದ್ದು ಏನಾದರೂ ಆದರೆ ವಿಮೆ ಕೊಡುವುದಿಲ್ಲ ಎನ್ನುತ್ತಾಳೆ ಅಲ್ಲಿನವಳು. ಅವಳು ಕೆಟ್ಟವಳಲ್ಲ, ಅವಳ ಕೈಯಲ್ಲಿ ಏನೂ ಇಲ್ಲ.

ಕರ್ನಾಟಕವೂ ಸೇರಿ 17 ರಾಜ್ಯಗಳ ಆದಿವಾಸಿ ಪ್ರದೇಶಗಳಲ್ಲಿ 2023ರ ಜುಲೈಯಿಂದ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ ನಡೆಯುತ್ತಿದೆ. 7 ಕೋಟಿ ಜನರ ತಪಾಸಣೆಯ ಗುರಿ, ಫಲಿತಾಂಶದ ಕಾರ್ಡು ಕೈಗೆ. ಕಾಯಿಲೆಯ ನೋವು ತಿಂದವರ ಕಣ್ಣಲ್ಲಿ ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ವಾಹಕ ಎಂದು ಬರೆದ ಕಾರ್ಡನ್ನು ಹಾಸ್ಟೆಲ್ಲಿನ ಮೇಲ್ವಿಚಾರಕರೋ, ಕೆಲಸ ಕೊಡುವವರೋ, ಬೀಗರೋ ರೋಗಿ ಎಂದು ಓದದಂತೆ ನೋಡಿಕೊಳ್ಳುವ ಕೆಲಸ ರಕ್ತ ಪರೀಕ್ಷೆಯಷ್ಟೇ ದೊಡ್ಡದು. 1970ರ ದಶಕದ ಅಮೆರಿಕ ಎಡವಿದ್ದು ಅಲ್ಲೇ.

ನಾಲ್ಕು ಭ್ರೂಣಗಳ ಮುಂದೆ

ಎರಡನೇ ಮಗುವಿಗಾಗಿ ವಿನ್ಸೆಂಟನ ತಂದೆತಾಯಿ ತಜ್ಞನ ಬಳಿ ಹೋಗುತ್ತಾರೆ. ತೆರೆಯ ಮೇಲೆ ನಾಲ್ಕು ಭ್ರೂಣ, ಎರಡು ಗಂಡು, ಎರಡು ಹೆಣ್ಣು. ಕಣ್ಣು, ಕೂದಲು, ಮೈಬಣ್ಣ ಅವರು ಕೇಳಿದಂತೆಯೇ ಇವೆ. ಬೊಕ್ಕತಲೆ, ದೃಷ್ಟಿದೋಷ, ಕುಡಿತದ ಚಟ, ಬೊಜ್ಜು ಇವನ್ನೆಲ್ಲ ತೆಗೆದುಹಾಕಿದ್ದೇನೆ ಎನ್ನುತ್ತಾನೆ ತಜ್ಞ. ಕೆಲವನ್ನಾದರೂ ಅದೃಷ್ಟಕ್ಕೆ ಬಿಡಬಹುದಲ್ಲವೇ ಎಂದು ತಂದೆತಾಯಿ ಅಳುಕುತ್ತ ಕೇಳಿದಾಗ ಅವನು ಸಮಾಧಾನದಿಂದ ಕೊಡುವ ಉತ್ತರದಲ್ಲಿ ಒಂದು ಲೆಕ್ಕವಿದೆ. ಸಹಜವಾಗಿ ಸಾವಿರ ಸಲ ಗರ್ಭ ಧರಿಸಿದರೂ ಇಂಥ ಮಗು ಸಿಗುವುದಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಒಂದೊಂದು ಗುಣವೂ ಅರ್ಧಕ್ಕರ್ಧ ಸಾಧ್ಯತೆಯದ್ದು ಎಂದುಕೊಳ್ಳಿ. ಹತ್ತು ಗುಣಗಳು ಒಟ್ಟಿಗೆ ಬೇಕೆಂದರೆ 1,024 ಭ್ರೂಣಗಳಲ್ಲಿ ಒಂದು ಸಿಗುತ್ತದೆ. ಸಾವಿರದ ಲೆಕ್ಕ ಸರಿಯಾಗಿಯೇ ಇದೆ. ಅವನ ಮುಂದಿರುವುದು ನಾಲ್ಕು ಮಾತ್ರ ಎಂಬುದೇ ತೊಡಕು.

ಐವಿಎಫ್ ಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ ಈ ಸೋಸುವಿಕೆ ಚೆನ್ನಾಗಿ ಗೊತ್ತು. ಚುಚ್ಚುಮದ್ದು ಕೊಟ್ಟು ಒಂದು ಸರದಿಯಲ್ಲಿ 10 ಅಂಡಗಳು ಸಿಕ್ಕವು ಎನ್ನೋಣ. ಅದರಲ್ಲಿ ಪಕ್ವವಾದವು ಎಂಟು. ಫಲಿತವಾಗುವುದು ಐದಾರು. ಐದನೇ ದಿನದ ಹಂತಕ್ಕೆ, ಅಂದರೆ ಬ್ಲಾಸ್ಟೊಸಿಸ್ಟ್ ಆಗಿ ಬೆಳೆಯುವುದು ಎರಡೋ ಮೂರೋ. ತಾಯಿಯ ವಯಸ್ಸು ಏರಿದಂತೆ ಈ ಅಂಕಿ ಇನ್ನೂ ಇಳಿಯುತ್ತದೆ. ಆ ಹಂತದಲ್ಲಿ ಹೊರಪದರದಿಂದ 5ರಿಂದ 10 ಕೋಶಗಳನ್ನು ತೆಗೆದು, ಅವುಗಳ ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ಓದುತ್ತಾರೆ. ಇಲ್ಲಿ ತಪ್ಪಾಗುವ ದಾರಿಗಳು ಕನಿಷ್ಠ ಎರಡು. ಹೊರಪದರ ಮುಂದೆ ಮಾಸು ಆಗುವ ಭಾಗ, ಮಗುವಾಗುವ ಒಳಗಿನ ಕೋಶಗಳು ಬೇರೆ. ಎರಡರ ವರ್ಣತಂತುಗಳು ಯಾವಾಗಲೂ ಒಂದೇ ತೆರನಾಗಿರಬೇಕೆಂದಿಲ್ಲ. ಇನ್ನೊಂದು, ಅಷ್ಟು ಕಡಿಮೆ ಡಿಎನ್‌ಎಯನ್ನು ಹೆಚ್ಚಿಸುವಾಗ ತಂದೆಯ ಅಥವಾ ತಾಯಿಯ ಪ್ರತಿ ಬಿಟ್ಟುಹೋಗಬಹುದು. ಆಗ ವಾಹಕ ಭ್ರೂಣ ಆರೋಗ್ಯವಂತವೆಂದೋ ರೋಗವುಳ್ಳದ್ದೆಂದೋ ತೋರುತ್ತದೆ. ಹಾಗಾಗಿಯೇ ಒಂದೇ ಜೀನಿನ ಕಾಯಿಲೆಗೆ ಪರೀಕ್ಷೆ ಮಾಡುವಾಗ ಆ ಜೀನಿನ ಎರಡೂ ಬದಿಯ ಗುರುತುಗಳನ್ನು ತಂದೆತಾಯಿಯ ರಕ್ತದೊಂದಿಗೆ ಹೋಲಿಸಿ ನೋಡುತ್ತಾರೆ. 1990ರಿಂದ ಬೆಳೆದುಬಂದ ಈ ವಿಧಾನ ಸಾವಿರಾರು ಕುಟುಂಬಗಳನ್ನು ಘೋರ ಕಾಯಿಲೆಗಳಿಂದ ಉಳಿಸಿದೆ. ‘ಗ್ಯಾಟಕಾ’ ನೋಡಿ ಇದನ್ನೂ ಅನುಮಾನಿಸುವವರಿದ್ದಾರೆ, ಅದು ಅನ್ಯಾಯ.

ಕಾಯಿಲೆ ಬಿಟ್ಟು ಗುಣಕ್ಕಾಗಿ ಆರಿಸಿದರೆ ಎಷ್ಟು ಸಿಗುತ್ತದೆ? 2019ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ, 10 ಭ್ರೂಣಗಳಲ್ಲಿ ಅತಿ ಹೆಚ್ಚು ಸ್ಕೋರಿನದನ್ನು ಆರಿಸಿದರೆ ಸರಾಸರಿಗಿಂತ ಸುಮಾರು 2.5 ಸೆಂಟಿಮೀಟರ್ ಹೆಚ್ಚು ಎತ್ತರ, ಐಕ್ಯೂನಲ್ಲಿ ಸುಮಾರು 2.5 ಅಂಕ. ಅದೇ ಸಂಶೋಧಕರು 28 ದೊಡ್ಡ ಕುಟುಂಬಗಳ ಬೆಳೆದು ನಿಂತ ಮಕ್ಕಳನ್ನೂ ನೋಡಿದರು. ಅತಿ ಹೆಚ್ಚು ಸ್ಕೋರಿನ ಮಗುವೇ ಅತಿ ಎತ್ತರದವನಾಗಿದ್ದದ್ದು ಏಳು ಕುಟುಂಬಗಳಲ್ಲಿ ಮಾತ್ರ. ವಿನ್ಸೆಂಟ್ ಮತ್ತು ತಮ್ಮ ಆಂಟನ್ ಸಮುದ್ರದಲ್ಲಿ ಪಂದ್ಯ ಕಟ್ಟಿ ಈಜುವ ಪ್ರಸಂಗವನ್ನು ಮನೋಬಲದ ಕಥೆಯೆಂದು ಎಲ್ಲರೂ ಓದುತ್ತಾರೆ. ಈ 28 ಕುಟುಂಬಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಅದಕ್ಕೆ ಮನೋಬಲವೂ ಬೇಕಿರಲಿಲ್ಲ ಅನಿಸುತ್ತದೆ. ಒಡಹುಟ್ಟಿದವರ ನಡುವೆ ಸ್ಕೋರು ಆಗಾಗ ತಪ್ಪುತ್ತದೆ.

ಇನ್ನು ತಿದ್ದುವ ದಾರಿ. 2018ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿ ಹ ಜಿಯಾನ್‌ಕುಯಿ, ಎಚ್‌ಐವಿ ತಗುಲದಂತೆ ಸಿಸಿಆರ್5 ಜೀನನ್ನು ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಪ್ರಕಟಿಸಿದರು. ನಿಸರ್ಗದಲ್ಲಿ ಕಾಣುವ ರಕ್ಷಣಾತ್ಮಕ ರೂಪ ಆ ಮಕ್ಕಳಲ್ಲಿ ಬಂದಿರಲಿಲ್ಲ. ಬೇರೆಯೇ ಬಗೆಯ, ಮೊದಲು ಪರೀಕ್ಷಿಸದ ಬದಲಾವಣೆಗಳು ಬಂದಿದ್ದವು, ಅವೂ ಎಲ್ಲ ಕೋಶಗಳಲ್ಲಿ ಒಂದೇ ತೆರನಾಗಿರಲಿಲ್ಲ. ಜಿಯಾನ್‌ಕುಯಿ ಅವರಿಗೆ ಮೂರು ವರ್ಷ ಜೈಲಾಯಿತು. ಹುಟ್ಟಿದ ಮೇಲೆ ರೋಗಿಯ ಮೈಯ ಕೋಶಗಳನ್ನಷ್ಟೇ ತಿದ್ದುವ ಚಿಕಿತ್ಸೆಯನ್ನು ಇದರ ಜೊತೆ ಸೇರಿಸಬಾರದು. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸಿಕಲ್ ಸೆಲ್ ಚಿಕಿತ್ಸೆ ಆ ಬಗೆಯದು, ಅದು ಮುಂದಿನ ಪೀಳಿಗೆಗೆ ಹೋಗುವುದಿಲ್ಲ.

ಆ ತಜ್ಞ ಕೇಳುವ ಮೊದಲ ಪ್ರಶ್ನೆ, ಗಂಡೋ ಹೆಣ್ಣೋ ನಿರ್ಧರಿಸಿದಿರಾ ಎಂಬುದು, ಭಾರತದಲ್ಲಿ ಅಪರಾಧ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ, 2003ರ ತಿದ್ದುಪಡಿಯ ನಂತರ, ಗರ್ಭಧಾರಣೆಗೆ ಮೊದಲಿನ ಆಯ್ಕೆಯನ್ನೂ ನಿಷೇಧಿಸುತ್ತದೆ. ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯ ಮೇಲೆ ಫಲಕ ತೂಗುಹಾಕಿರುವುದು ಅದಕ್ಕೇ. ಆದರೂ 2023ರ ನವೆಂಬರಿನಲ್ಲಿ ಮಂಡ್ಯದ ಬಳಿ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಬಯಲಿಗೆಳೆದದ್ದು ನಮಗೆಲ್ಲ ಗೊತ್ತಿದೆ. ಜೀನೋಮ್ ಇಲ್ಲ, ಕ್ರಿಸ್ಪರ್ ಇಲ್ಲ, ಹಳೆಯ ಅಲ್ಟ್ರಾಸೌಂಡ್ ಯಂತ್ರ ಮತ್ತು ಬೆಲ್ಲ ಕಾಯಿಸುವ ಜಾಗ. ಮಗುವನ್ನು ಹುಟ್ಟುವ ಮೊದಲೇ ತಿರಸ್ಕರಿಸುವ ಮನಸ್ಸಿದ್ದ ಕಡೆ ತಂತ್ರಜ್ಞಾನ ಎಷ್ಟು ಹಳತಾದರೂ ನಡೆಯುತ್ತದೆ. ಭವಿಷ್ಯದ ಡಿಸೈನರ್ ಮಗುವಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಇದನ್ನು ಬಿಟ್ಟುಬಿಡುವ ಚರ್ಚೆಗಳು ನನಗೆ ಸಿಟ್ಟು ತರಿಸುತ್ತವೆ.

ಒಂದು ರೆಪ್ಪೆಕೂದಲು

ವಿನ್ಸೆಂಟ್ ಪ್ರತಿದಿನ ಬೆಳಗ್ಗೆ ಮೈಯ ಸತ್ತ ಚರ್ಮವನ್ನೆಲ್ಲ ಉಜ್ಜಿ ತೆಗೆದು ಉರಿಸುತ್ತಾನೆ. ಬೆರಳ ತುದಿಗೆ ಜೆರೋಮ್‌ನ ರಕ್ತ ತುಂಬಿದ ತೆಳುಪೊರೆ ಅಂಟಿಸುತ್ತಾನೆ, ಕಚೇರಿಯ ಕೀಬೋರ್ಡಿನ ಮೇಲೆ ಜೆರೋಮ್‌ನ ಚರ್ಮದ ಪುಡಿ, ಕೂದಲು ಉದುರಿಸುತ್ತಾನೆ. ಹೆಸರು, ಕೇರಿ, ಊಟದ ಅಭ್ಯಾಸ ಕೇಳಿ ಜಾತಿ ಅಂದಾಜು ಮಾಡುವ ಮನೆಮಾಲೀಕರ ಮುಂದೆ ನಿಂತವರಿಗೆ ಈ ದೃಶ್ಯದ ಆಯಾಸ ವಿವರಿಸಬೇಕಾಗಿಲ್ಲ. ಒಮ್ಮೆ ಮುಚ್ಚಿಟ್ಟರೆ ಮುಗಿಯುವುದಿಲ್ಲ, ದಿನವೂ ಮುಚ್ಚಿಡಬೇಕು.

ವಿಧಿವಿಜ್ಞಾನದ ಕಡೆಯಿಂದ ನೋಡಿದರೆ ರಕ್ತದ ಉಪಾಯ ಸರಿಯಾಗಿದೆ. ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವಿಲ್ಲ, ಡಿಎನ್‌ಎ ಬರುವುದು ಬಿಳಿಯ ಕಣಗಳಿಂದ. ಗುರುತು ಪತ್ತೆಗೆ ಸುಮಾರು 1 ನ್ಯಾನೋಗ್ರಾಂ, ಅಂದರೆ ಸುಮಾರು 150 ಕೋಶಗಳ ಡಿಎನ್‌ಎ ಸಾಕು. ಚಿಕ್ಕ ಹನಿಯಲ್ಲೂ ಅದಕ್ಕಿಂತ ನೂರಾರು ಪಟ್ಟು ಇರುತ್ತದೆ. ಮೂತ್ರದ ಉಪಾಯ ಅಷ್ಟು ಗಟ್ಟಿಯಲ್ಲ. ಆರೋಗ್ಯವಂತ ಗಂಡಸಿನ ಮೂತ್ರದಲ್ಲಿ ಕೋಶಗಳು ಕಡಿಮೆ, ಮೈಗೆ ಕಟ್ಟಿಕೊಂಡ ಬೆಚ್ಚಗಿನ ಚೀಲದಲ್ಲಿ ಬ್ಯಾಕ್ಟೀರಿಯಾ ಬೆಳೆದು ಇದ್ದ ಡಿಎನ್‌ಎಯೂ ಹಾಳಾಗುತ್ತದೆ. ಸಂಸ್ಥೆಯೊಳಗೆ ಒಂದು ಕೊಲೆಯಾದಾಗ ಪೊಲೀಸರಿಗೆ ಸಿಕ್ಕಿ ಕಥೆಯನ್ನೇ ತಿರುಗಿಸುವ ವಿನ್ಸೆಂಟನ ರೆಪ್ಪೆಕೂದಲಿನದ್ದು ಇನ್ನೂ ಸ್ವಾರಸ್ಯ. ತಾನಾಗಿ ಉದುರಿದ ಕೂದಲಿನ ಬುಡ ಒಣಗಿ ಗಟ್ಟಿಯಾಗಿರುತ್ತದೆ, ಕೋಶಕೇಂದ್ರದ ಡಿಎನ್‌ಎ ಅತ್ಯಲ್ಪ. ಸಾಮಾನ್ಯವಾಗಿ ಸಿಗುವುದು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ. ಒಂದೇ ತಾಯಿಯ ಮಕ್ಕಳಲ್ಲಿ ಅದು ಒಂದೇ ತೆರ. ತನಿಖೆ ನಡೆಸುತ್ತಿರುವ ಅಧಿಕಾರಿ ಆಂಟನ್, ವಿನ್ಸೆಂಟನ ಸ್ವಂತ ತಮ್ಮ. ಆ ಕೂದಲನ್ನು ಮೈಟೊಕಾಂಡ್ರಿಯಾದ ದಾರಿಯಲ್ಲಿ ಪರೀಕ್ಷಿಸಿದ್ದರೆ ಪತ್ತೇದಾರನೇ ಶಂಕಿತರ ಪಟ್ಟಿಗೆ ಸೇರುತ್ತಿದ್ದ.

ಇದಕ್ಕಿಂತ ಮುಖ್ಯವಾದದ್ದು, ಗುರುತಿನ ಪರೀಕ್ಷೆ ಮತ್ತು ಭವಿಷ್ಯದ ಪರೀಕ್ಷೆ ಎರಡನ್ನೂ ಸಿನಿಮಾ ಒಂದೇ ಯಂತ್ರಕ್ಕೆ ಹಾಕಿರುವುದು. ಅಮೆರಿಕದ ಪೊಲೀಸರು ಬಳಸುವ 20 ಜಾಗಗಳ ಗುರುತು ಯಾರ ಡಿಎನ್‌ಎ ಎಂದು ಹೇಳುತ್ತದೆ, ಅವರಿಗೆ ಯಾವ ಕಾಯಿಲೆ ಬರಬಹುದು ಎಂದು ಹೇಳಲು ಅದನ್ನು ರೂಪಿಸಿಲ್ಲ. ಜಾರ್ಜಿಯಾ ರಾಜ್ಯದ ಗೋದಾಮೊಂದರಲ್ಲಿ ಯಾರೋ ಮಲ ವಿಸರ್ಜಿಸುತ್ತಿದ್ದರೆಂದು ಇಬ್ಬರು ನೌಕರರ ಕೆನ್ನೆಯೊಳಗಿನ ಸ್ಯಾಂಪಲ್ ತೆಗೆಸಿದಾಗ ಕಂಪನಿ ಇದನ್ನೇ ವಾದಿಸಿತು, ಇದು ಆರೋಗ್ಯದ ಪರೀಕ್ಷೆಯಲ್ಲ ಎಂದು. ಕೋರ್ಟು ಒಪ್ಪಲಿಲ್ಲ, ಇದೂ ಜೀನ್ ಮಾಹಿತಿಯೇ ಎಂದಿತು. 2015ರಲ್ಲಿ ಜ್ಯೂರಿ 22 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಹೇಳಿತು. ನನ್ನ ಮಟ್ಟಿಗೆ ಆ ತೀರ್ಪು ಸರಿ. ಸ್ಯಾಂಪಲ್ ಒಮ್ಮೆ ಕೈಸೇರಿದ ಮೇಲೆ ಇವತ್ತು ಒಂದನ್ನು ಓದಿದವರು ನಾಳೆ ಇನ್ನೊಂದನ್ನು ಓದಬಹುದು.

ಮೈ ಉಜ್ಜಿಕೊಳ್ಳುವುದರಿಂದ ಅಡಗಿರಲು ಸಾಧ್ಯ ಎಂಬ ಸಿನಿಮಾದ ನಂಬಿಕೆಯೂ ಈಗ ಉಳಿದಿಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದ ‘ಗೋಲ್ಡನ್ ಸ್ಟೇಟ್ ಕಿಲ್ಲರ್’ ಸಿಕ್ಕಿಬಿದ್ದದ್ದು ದೂರದ ನೆಂಟರು ವಂಶಾವಳಿ ತಾಣಕ್ಕೆ ಹಾಕಿದ್ದ ಡಿಎನ್‌ಎಯಿಂದ. ಅಪರಾಧಿ ಸಿಕ್ಕಿದ್ದು ಒಳ್ಳೆಯದು. ಅದೇ ಹೊತ್ತಿಗೆ, ಎಂದೂ ಪರೀಕ್ಷೆ ಮಾಡಿಸಿಕೊಳ್ಳದವರ ವಿವರವೂ ನೆಂಟರ ಮೂಲಕ ಬಯಲಾಗಬಹುದು ಎಂಬುದೂ ಅಲ್ಲೇ ಸಾಬೀತಾಯಿತು. ಜೀನ್ ಪರೀಕ್ಷೆಗೆ ಲಕ್ಷಾಂತರ ಜನ ಎಂಜಲು ಕಳಿಸಿದ್ದ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಸೋರಿತು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಓಟದ ಯಂತ್ರದ ಮೇಲೆ

ಈ ಸಿನಿಮಾದ ವಿರುದ್ಧ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಆಕ್ಷೇಪ ಒಂದಿದೆ. ಹೃದಯ ದುರ್ಬಲವಾಗಿರುವವನು ಅದನ್ನು ಮುಚ್ಚಿಟ್ಟು ಶನಿಯ ಉಪಗ್ರಹ ಟೈಟನ್‌ಗೆ ಹೊರಡುವುದು ಸಹಪ್ರಯಾಣಿಕರಿಗೆ ಮಾಡುವ ಮೋಸವಲ್ಲವೇ? ಓಟದ ಯಂತ್ರದ ದೃಶ್ಯದಲ್ಲಿ ಜೆರೋಮ್‌ನ ಶಾಂತ ಎದೆಬಡಿತದ ಮುದ್ರಿಕೆ ಮುಗಿದು ವಿನ್ಸೆಂಟನ ಸ್ವಂತ ಬಡಿತ ಕೇಳಿಸಿಬಿಡುತ್ತದೆ. ಅವನು ಸಾವರಿಸಿಕೊಂಡು ಹೊರಬಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಕುಸಿಯುತ್ತಾನೆ. ಸಿನಿಮಾ ನಮ್ಮನ್ನು ಅವನ ಪರ ನಿಲ್ಲಿಸುತ್ತದೆ, ಆದರೆ ಆ ಕುಸಿತಕ್ಕೆ ಉತ್ತರ ಕೊಡುವುದಿಲ್ಲ. ಆಗ ಅಳೆದದ್ದು ಜೀನನ್ನಲ್ಲ, ಅವನ ಹೃದಯವನ್ನೇ. ಮುಂದೆ ಬರಬಹುದಾದದ್ದು ಮತ್ತು ಈಗ ಇರುವುದು ಎರಡನ್ನೂ ನಿಕಲ್ ಇಲ್ಲಿ ಒಂದಾಗಿ ಕಲಸಿದ್ದಾರೆ. ಸಿನಿಮಾದ ವಾದ ಸಡಿಲವಾಗುವುದು ಇಲ್ಲಿ.

ನಾಸಾದ ಚರಿತ್ರೆಯಲ್ಲಿ ಇದಕ್ಕೆ ಹತ್ತಿರದ ಒಬ್ಬ ನಿಜವಾದ ಮನುಷ್ಯ ಇದ್ದಾರೆ. ಮೊದಲ ಏಳು ಗಗನಯಾತ್ರಿಗಳಲ್ಲಿ ಒಬ್ಬರಾದ ಡೀಕ್ ಸ್ಲೇಟನ್. ಎದೆಬಡಿತದ ಲಯ ಆಗಾಗ ತಪ್ಪುತ್ತದೆಂದು 1962ರಲ್ಲಿ, ಹಾರಾಟಕ್ಕೆ ಕೆಲವೇ ವಾರಗಳಿರುವಾಗ, ಅವರನ್ನು ಕೆಳಗಿಳಿಸಿದರು. ಅವರು ಸಂಸ್ಥೆ ಬಿಡಲಿಲ್ಲ, ಯಾರು ಹಾರಬೇಕೆಂದು ಆರಿಸುವ ಕೆಲಸ ಮಾಡಿದರು, ಚಂದ್ರನಿಗೆ ಹೋದವರ ತಂಡಗಳೂ ಅದರಲ್ಲಿ ಸೇರಿವೆ. ಹತ್ತು ವರ್ಷ ಕಳೆದು, ಲಯ ಸರಿಹೋಗಿ, ಮತ್ತೆ ಪರೀಕ್ಷೆಗಳಾಗಿ 1972ರಲ್ಲಿ ಹಾರುವ ಅರ್ಹತೆ ಮರಳಿ ಸಿಕ್ಕಿತು. ವಿನ್ಸೆಂಟನಿಗೆ ಇಂಥ ಮರುಪರೀಕ್ಷೆ ಕೇಳುವ ಜಾಗವೇ ಇಲ್ಲ. ಹುಟ್ಟಿದ ದಿನದ ಅಂಕಿಯನ್ನು ಅವನು ಮೀರಿ ಬದುಕಿದರೂ ಕಡತ ಬದಲಾಗುವುದಿಲ್ಲ. ಕೊನೆಗೆ ರಾಕೆಟ್ಟಿನ ಬಾಗಿಲಲ್ಲಿ ಅನಿರೀಕ್ಷಿತ ಮೂತ್ರ ಪರೀಕ್ಷೆ ಎದುರಾದಾಗ ಅವನನ್ನು ಉಳಿಸುವುದು ಡಾಕ್ಟರ್ ಲಾಮರ್‌ನ ದಯೆ. ತನ್ನ ಮಗನೂ ತಜ್ಞರು ಭರವಸೆ ಕೊಟ್ಟಂತೆ ಹುಟ್ಟಲಿಲ್ಲ ಎನ್ನುತ್ತ ಅವನು ಫಲಿತಾಂಶ ಬದಲಿಸುತ್ತಾನೆ. ಕಣ್ಣು ತುಂಬಿಸುವ ದೃಶ್ಯ, ನಿಜ. ಆದರೆ ಆ ದಿನ ಪಾಳಿಯಲ್ಲಿ ಬೇರೊಬ್ಬ ಡಾಕ್ಟರಿದ್ದಿದ್ದರೆ ಎಲ್ಲ ಮುಗಿದಿತ್ತು.

ಜೆರೋಮ್‌ನ ವಿಷಯದಲ್ಲಿ ನನಗೆ ಸಿನಿಮಾದ ಮೇಲೆ ಇನ್ನೂ ಕಠಿಣವಾದ ತಕರಾರಿದೆ. ದೋಷವಿಲ್ಲದ ಜೀನುಗಳ ಆ ಈಜುಗಾರ ಕಾರು ಬಡಿದು ಕಾಲುಗಳ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿಯಲ್ಲಿದ್ದಾನೆ. ಕಥೆ ಅವನಿಂದ ರಕ್ತ, ಮೂತ್ರ, ಕೂದಲು, ಹೆಸರು ಎಲ್ಲ ತೆಗೆದುಕೊಂಡು ಕೊನೆಗೆ ಅವನನ್ನು ಬೆಂಕಿಗೆ ಕಳಿಸುತ್ತದೆ. ಹುಟ್ಟಿನ ಅಂಕಿಯನ್ನು ಪ್ರಶ್ನಿಸುವ ಸಿನಿಮಾ, ನಡೆಯಲಾಗದವನು ಹಾರಬಹುದೇ ಎಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ. ವಿನ್ಸೆಂಟನ ಪ್ರಯಾಣದ ಬಹುಪಾಲು ತೂಕವಿಲ್ಲದ ಸ್ಥಿತಿಯಲ್ಲಿ, ಅಲ್ಲಿ ಕಾಲಿನ ಕೆಲಸವೇ ಕಡಿಮೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2022ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡು ಒಂದು ಕಾಲು ಕಳೆದುಕೊಂಡ ಬ್ರಿಟಿಷ್ ಸರ್ಜನ್, ಪ್ಯಾರಾಲಿಂಪಿಕ್ ಓಟಗಾರ ಜಾನ್ ಮೆಕ್‌ಫಾಲ್ ಅವರನ್ನು ಆರಿಸಿತು. ವಾಹನ ಹತ್ತಿಳಿಯುವುದು, ತುರ್ತಿನಲ್ಲಿ ಹೊರಬರುವುದು, ತೂಕವಿಲ್ಲದಾಗ ಕೃತಕ ಕಾಲಿನ ಹೊಂದಾಣಿಕೆ ಇವನ್ನೆಲ್ಲ ಒಂದೊಂದಾಗಿ ಪರಿಶೀಲಿಸಿದರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ದೀರ್ಘಾವಧಿ ಯಾತ್ರೆಗೆ ಅವರು ವೈದ್ಯಕೀಯವಾಗಿ ಅರ್ಹರು ಎಂದು 2025ರ ಫೆಬ್ರುವರಿಯಲ್ಲಿ ಘೋಷಣೆಯಾಯಿತು.